ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಪ್ರದರ್ಶನ ಸರಣಿ ನಡೆದರೆ ಏನೇನು ಇರಬೇಕು?

ಕಬ್ಬನ್‌ಪೇಟೆಯವ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೂತಿರುವ ವಿಷಯ ಇದು. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾಗಿದ್ದು 1865ರಲ್ಲಿ. ಬೌರಿಂಗ್ ಚೀಫ್ ಕಮಿಷನರ್ ಆಗಿದ್ದ ಕಾಲ. ಮದ್ರಾಸ್ ಮ್ಯೂಸಿಯಂ ಕಟ್ಟಿ ಬೆಳೆಸಿದ ಎಡ್ವರ್ಡ್ ಬಾಲ್ಫೋರ್ ಅವರೇ ಇಲ್ಲಿಯೂ ಮುಂದೆ ನಿಂತು ಮಾಡಿದರು. ಮೊದಲು ಅದು ದಂಡಿನ ಕಡೆ, ಇವತ್ತಿನ ಮ್ಯೂಸಿಯಂ ರಸ್ತೆಯಲ್ಲಿತ್ತು. ಕಬ್ಬನ್ ಪಾರ್ಕ್ ಪಕ್ಕದ ಈ ಕೆಂಪು ಕಟ್ಟಡ 1877ರದು. ಅದೇ ಆವರಣದಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಅಂದರೆ ಇತಿಹಾಸವೂ ಕಲೆಯೂ ಒಂದೇ ಕಾಂಪೌಂಡಿನಲ್ಲಿವೆ. ಹೀಗಿರುವ ಜಾಗ ನಮ್ಮ ರಾಜ್ಯದಲ್ಲಿ ಎಷ್ಟಿವೆ ಹೇಳಿ?

ಆದರೆ ಜನ ಅಲ್ಲಿಗೆ ಹೇಗೆ ಹೋಗುತ್ತಾರೆ ನೋಡಿ. ಶಾಲೆಯಲ್ಲಿದ್ದಾಗ ಒಮ್ಮೆ. ಆಮೇಲೆ ಊರಿಂದ ನೆಂಟರು ಬಂದಾಗ ಒಮ್ಮೆ. ಹೊಯ್ಸಳರ ಶಿಲ್ಪ, ನಾಣ್ಯ, ಆಯುಧ, ವಾದ್ಯ ಎಲ್ಲದರ ಮುಂದೂ ನಡೆದು ಹೋಗಿ ಹೊರಗೆ ಬಂದು ಐಸ್‌ಕ್ರೀಂ ತಿನ್ನುತ್ತಾರೆ. ಯಾವ ಒಂದು ವಸ್ತುವೂ ತಲೆಯಲ್ಲಿ ನಿಲ್ಲುವುದಿಲ್ಲ. ಇದು ನೋಡುವವರ ತಪ್ಪಲ್ಲ. ಎಲ್ಲವನ್ನೂ ಒಂದೇ ದನಿಯಲ್ಲಿ ತೋರಿಸಿದರೆ ಯಾವುದೂ ಕೇಳಿಸುವುದಿಲ್ಲ.

ನನ್ನ ಆಸೆ ಇಷ್ಟು. ರಾಜ್ಯೋತ್ಸವದಿಂದ ಫೆಬ್ರವರಿ ಕೊನೆವರೆಗೆ, ತಿಂಗಳಿಗೆ ಒಂದೇ ವಸ್ತು. ಒಂದೇ. ಅದರ ಸುತ್ತ ಪೂರ್ತಿ ಕತೆ. ಅದು ಯಾವ ಊರಿನದು, ಯಾರು ಮಾಡಿಸಿದರು, ಆಗ ಏನು ನಡೀತಿತ್ತು, ಇಲ್ಲಿಗೆ ಹೇಗೆ ಬಂತು. ಆ ಊರಿನವರನ್ನೂ ಕರೆಯಬೇಕು.

ನವೆಂಬರ್‌ಗೆ ನನ್ನ ಆಯ್ಕೆ ಆತಕೂರು ಶಾಸನ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದು. ಕಾಲ ಕ್ರಿ.ಶ. 949-50. ಗಂಗರ ಇಮ್ಮಡಿ ಬೂತುಗನ ಹತ್ತಿರ ಮಣಲೆರ ಅನ್ನುವ ವೀರನಿದ್ದ. ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಬೂತುಗ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಆಮೇಲೆ ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ದಿಣ್ಣೆಯಲ್ಲಿ, ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಸೆಣಸುವ ಕೆತ್ತನೆ ಇದೆ.

ಈ ಕಲ್ಲು ನಮ್ಮ ಊರಿನಲ್ಲೇ ಇದೆ. ಎಷ್ಟು ಜನರಿಗೆ ಗೊತ್ತು?

ನಿಮ್ಮ ಆಯ್ಕೆ ಹೇಳಿ. ಬರಿ ಹೆಸರು ಬೇಡ, ಹೇಗೆ ತೋರಿಸಬೇಕು ಅನ್ನುವುದನ್ನೂ ಬರೆಯಿರಿ.


ಶಾಸನ_ಓದುಗ:

ಒಳ್ಳೆ ವಿಷಯ ಎತ್ತಿದಿರಿ ಸರ್. ಆತಕೂರಿನ ಕಲ್ಲಿನ ಬಗ್ಗೆ ಇನ್ನೊಂದಿಷ್ಟು ಸೇರಿಸುತ್ತೇನೆ. ಅದರ ನಿಜವಾದ ಸೊಗಸು ಇರುವುದು ಅದು ಏನನ್ನು ಯಾವುದರ ಪಕ್ಕದಲ್ಲಿ ಇಡುತ್ತದೆ ಅನ್ನುವುದರಲ್ಲಿ.

ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ವಿಷಯ ಇದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಅಂದರೆ ಕನ್ನರದೇವ, ಚೋಳರ ಮೇಲೆ ದಂಡೆತ್ತಿ ಹೋದ. ಆ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ದಕ್ಷಿಣ ಭಾರತದ ಇತಿಹಾಸವನ್ನೇ ತಿರುಗಿಸಿದ ಯುದ್ಧ ಅದು. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳು ಸಿಕ್ಕವು (ಆಗ ನಾಡಿನ ಹೆಸರಿನ ಜೊತೆ ಹೀಗೆ ಸಂಖ್ಯೆ ಸೇರಿಸಿ ಹೇಳುತ್ತಿದ್ದರು). ಇಷ್ಟು ದೊಡ್ಡ ಸಂಗತಿ ಬರೆದ ಕಲ್ಲಿನಲ್ಲೇ ಒಂದು ನಾಯಿಯ ಸಾವೂ ಇದೆ. ಕಲ್ಲು ನಿಲ್ಲಿಸಿದ್ದೇ ಆ ನಾಯಿಗಾಗಿ. ಕಲ್ಲನ್ನು ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿನ ಶೈವ ಪೂಜಾರಿ, ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತ ಕೊನೆಯಲ್ಲಿ ಬರೆಸಿದ್ದಾರೆ. ಎಷ್ಟು ಪ್ರೀತಿ ಇರಬೇಕು ಅಲ್ವಾ!

ತೋರಿಸುವ ರೀತಿ ಬಗ್ಗೆ ಹೇಳುತ್ತೇನೆ. ಶಾಸನದ ಕಲ್ಲಿಗೆ ಎದುರಿನಿಂದ ಟ್ಯೂಬ್‌ಲೈಟ್ ಬಿದ್ದರೆ ಅಕ್ಷರ ಕಾಣುವುದೇ ಇಲ್ಲ. ಪಕ್ಕದಿಂದ, ಕಲ್ಲಿನ ಮೈಗೆ ಸವರಿದ ಹಾಗೆ ಬೆಳಕು ಬಿಡಬೇಕು. ಆಗ ಪ್ರತಿ ಅಕ್ಷರದಲ್ಲೂ ನೆರಳು ನಿಲ್ಲುತ್ತದೆ. ಹಳೇ ಶಾಸನ ಓದುವವರು ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೋಗುವುದು ಇದಕ್ಕೇ. ಮ್ಯೂಸಿಯಂ ಇದಕ್ಕೆ ಜಾಸ್ತಿ ಖರ್ಚು ಮಾಡಬೇಕಾಗಿಲ್ಲ. ದೀಪದ ಜಾಗ ಬದಲಿಸಿದರೆ ಸಾಕು.

ಎರಡನೆಯದು ಪಡಿಯಚ್ಚು, ಅಂದರೆ ಶಾಸನವನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು. ಕಲ್ಲನ್ನು ಚೆನ್ನಾಗಿ ತೊಳೆಯುತ್ತಾರೆ. ಒದ್ದೆ ಕಾಗದವನ್ನು ಅದರ ಮೇಲೆ ಹರಡುತ್ತಾರೆ. ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ಗುಳಿಯೊಳಗೆ ಇಳಿಸುತ್ತಾರೆ. ಆಮೇಲೆ ಮೇಲಿನಿಂದ ಮಸಿ ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದರಲ್ಲ, ಅದರ ಹಿಂದೆ ಊರೂರು ತಿರುಗಿ ಹೀಗೆ ಮಸಿ ಮೆತ್ತಿಕೊಂಡ ಕೈಗಳಿವೆ. ಆ ಕೆಲಸವನ್ನು ಜನರ ಎದುರಿಗೇ ಮಾಡಿ ತೋರಿಸಲಿ. ಮೂಲ ಕಲ್ಲಿನ ಮೇಲೆ ಬೇಡ, ಅಭ್ಯಾಸಕ್ಕೆ ಕೆತ್ತಿಸಿದ ಬೇರೆ ಕಲ್ಲಿನ ಮೇಲೆ.

ಡಿಸೆಂಬರ್‌ಗೆ ನನ್ನ ಮತ ಬೇಗೂರಿನ ವೀರಗಲ್ಲಿಗೆ. ಅದೂ ಇದೇ ಮ್ಯೂಸಿಯಂನಲ್ಲಿದೆ. ಸುಮಾರು ಕ್ರಿ.ಶ. 890ರ ಆಸುಪಾಸಿನದು. ಆನೆ, ಕುದುರೆ, ಬಿದ್ದ ಹೆಣಗಳು, ಇಡೀ ರಣರಂಗವೇ ಕಲ್ಲಿನ ಮೇಲಿದೆ. ವೀರಮಹೇಂದ್ರನ ಮೇಲಿನ ಯುದ್ಧದಲ್ಲಿ ನಾಗತ್ತರ ಸತ್ತದ್ದು, ಆಮೇಲೆ ಗಂಗರ ಎರೆಯಪ್ಪ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು 12 ಕೊಟ್ಟದ್ದು ಅದರಲ್ಲಿದೆ. ಬೆಂಪೂರು ಅಂದರೆ ಈಗಿನ ಬೇಗೂರು. ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸಕ್ಕೆ ಹೋಗುವವರು ದಿನಾ ಆ ದಿಕ್ಕಿನಲ್ಲೇ ಓಡಾಡುತ್ತಾರೆ. ಅದೇ ಊರಿನ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪ ಇರುವ ಇನ್ನೊಂದು ಶಾಸನ ಇದೆ. ಎರಡನ್ನೂ ಸೇರಿಸಿ ಹೇಳಬೇಕು.


ಮದ್ದೂರು_ಮೇಷ್ಟ್ರು:

ನಾನು ಆತಕೂರು ಸೀಮೆಯವನೇ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಮೇಲಿನ ಎರಡು ಪೋಸ್ಟ್ ಓದಿ ಸಂತೋಷವೂ ಆಯಿತು, ಸಂಕಟವೂ ಆಯಿತು.

ನೀವು ಬೆಂಗಳೂರಿನವರು, ನಮ್ಮ ಊರಿನಲ್ಲೇ ಇದೆ, ಎಷ್ಟು ಜನರಿಗೆ ಗೊತ್ತು ಅಂತ ಕೇಳುತ್ತೀರಿ. ಅದು ನಮ್ಮ ಊರಿನಲ್ಲಿ ಇದ್ದ ಕಲ್ಲು. ನಮ್ಮ ಮಕ್ಕಳಿಗೆ ಈ ಕತೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಕೊನೆಯಲ್ಲಿ ಒಂದೇ ಪ್ರಶ್ನೆ: ಸಾರ್, ಕಲ್ಲು ಎಲ್ಲಿ? ಬೆಂಗಳೂರಲ್ಲಿ ಅಂದ ತಕ್ಷಣ ಮುಖ ಬಾಡುತ್ತದೆ. ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗುವುದು ಎಲ್ಲ ಮನೆಯವರ ಕೈಲೂ ಆಗುವ ಮಾತಲ್ಲ.

ಅಂದು ಕಲ್ಲನ್ನು ತಂದು ಇಡದಿದ್ದರೆ ಏನಾಗುತ್ತಿತ್ತು ಅನ್ನುವುದು ನನಗೂ ಗೊತ್ತು. ನಮ್ಮ ಕಡೆ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಕಾಲುವೆಗೆ ಅಡ್ಡ ಹಾಸಿಹೋಗಿವೆ. ಅದಕ್ಕೆ ನಾನು ಕಲ್ಲು ವಾಪಸ್ ಕೊಡಿ ಅನ್ನುವುದಿಲ್ಲ. ಆದರೆ ಸರಣಿ ಮಾಡುವುದಾದರೆ ಅದರ ಒಂದು ಭಾಗ ನಮ್ಮ ಊರಿನಲ್ಲಿ ನಡೆಯಲಿ. ಹಲ್ಮಿಡಿ ಶಾಸನದ ಮೂಲ ಮೈಸೂರಿನಲ್ಲಿದೆ. ಹಲ್ಮಿಡಿ ಊರಿನಲ್ಲಿ ಪ್ರತಿಕೃತಿ ನಿಲ್ಲಿಸಿದ್ದಾರೆ. ಜನ ಹೋಗಿ ನೋಡುತ್ತಾರೆ, ಊರಿನವರಿಗೆ ಹೆಮ್ಮೆ ಇದೆ. ಆತಕೂರಿಗೆ ಯಾಕೆ ಆಗಬಾರದು?

ಇನ್ನೊಂದು ಮಾತು. ಪ್ರದರ್ಶನದಲ್ಲಿ ಊರಿನವರನ್ನು ಕರೆಯಬೇಕು ಅಂತ ಬರೆದಿದ್ದೀರಿ. ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿ ಕಳಿಸುವುದಾದರೆ ಬೇಡ. ಬೆಳತೂರಿನ ಮೊರಡಿ ಯಾವುದಿರಬಹುದು, ಹಂದಿ ಬೇಟೆ ಹೇಗೆ ನಡೆಯುತ್ತಿತ್ತು, ಬೇಟೆನಾಯಿಯನ್ನು ಹೇಗೆ ಸಾಕುತ್ತಿದ್ದರು, ಇವನ್ನೆಲ್ಲ ನಮ್ಮ ಹಿರಿಯರ ಹತ್ತಿರ ಕೇಳಿ ದಾಖಲು ಮಾಡಲಿ. ಅದೂ ಪ್ರದರ್ಶನದ ಭಾಗವೇ ಆಗಬೇಕು.


ಹೆಬ್ಬಾಳದ_ನಿವಾಸಿ:

ಮೇಷ್ಟ್ರೇ, ನಿಮ್ಮ ಮಾತಿಗೆ ನಮ್ಮ ಏರಿಯಾದ ಉದಾಹರಣೆ ಕೊಡುತ್ತೇನೆ. 2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಅನ್ನುವವನು ಊರಿಗಾಗಿ ಹೋರಾಡಿ ಸತ್ತ ನೆನಪಿನ ಕಲ್ಲು. ಪೆರ್ಬೊಳಲು ನಾಡಿನ ಹೆಸರು ಅದರಲ್ಲಿದೆ. ಕಲ್ಲನ್ನು ಯಾವ ಮ್ಯೂಸಿಯಂಗೂ ಸಾಗಿಸಲಿಲ್ಲ. ಶಾಸನದ ಮೇಲೆ ಪ್ರೀತಿ ಇರುವ ಜನ ಮತ್ತು ಊರಿನವರು ಸೇರಿ ಅಲ್ಲೇ ಮಂಟಪ ಕಟ್ಟಿಸಿದರು. ಅದು ಗಂಗರ ಕಾಲದ ಶೈಲಿಯಲ್ಲೇ ಇದೆ.

ನೋಡಿಕೊಳ್ಳುವ ಜನ ಇದ್ದರೆ ಇದ್ದ ಜಾಗವೇ ಒಳ್ಳೆಯದು ಅನ್ನುವುದು ನನ್ನ ನಂಬಿಕೆ. ನೋಡಿಕೊಳ್ಳುವವರು ಇಲ್ಲದ ಕಡೆ ಮ್ಯೂಸಿಯಂ ಬೇಕು. ಎರಡಕ್ಕೂ ಜಗಳ ಹಚ್ಚುವ ಅಗತ್ಯ ಇಲ್ಲ. ಸರಣಿ ನಡೆದರೆ ಬೇಗೂರು, ಹೆಬ್ಬಾಳ ಎರಡಕ್ಕೂ ಒಂದು ಭಾನುವಾರ ಬಸ್ ಬಿಡಲಿ. ಮ್ಯೂಸಿಯಂನಲ್ಲಿ ಕಲ್ಲು ನೋಡಿ ಊರಿಗೆ ಹೋಗಬೇಕು. ಇಲ್ಲವೇ ಊರು ನೋಡಿ ಮ್ಯೂಸಿಯಂಗೆ ಬರಬೇಕು.


ಜಲವರ್ಣ:

ಇಲ್ಲಿವರೆಗೆ ಎಲ್ಲರೂ ಕಲ್ಲಿನ ಮಾತೇ ಆಡಿದಿರಿ. ಕಲಾವಿದೆಯಾಗಿ ನಾನು ಪಕ್ಕದ ಕಟ್ಟಡದ ಬಗ್ಗೆ ಮಾತಾಡುತ್ತೇನೆ.

ಕೆ. ವೆಂಕಟಪ್ಪನವರು (1886-1965) ಮೈಸೂರಿನ ಚಿತ್ರಗಾರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಅಲ್ಲಿ ಹೆಸರು ಮಾಡಿ ವಾಪಸ್ ಬಂದರು. ಊಟಿಯ ಬೆಟ್ಟ, ಮಂಜು, ಬೆಳಗಿನ ಬೆಳಕನ್ನು ಅವರು ಜಲವರ್ಣದಲ್ಲಿ ಹಿಡಿದ ಹಾಗೆ ನಮ್ಮಲ್ಲಿ ಇನ್ನೊಬ್ಬರು ಹಿಡಿದಿದ್ದನ್ನು ನಾನು ನೋಡಿಲ್ಲ. ಹತ್ತಿರ ಹೋಗಿ ನೋಡಿ. ಬಣ್ಣವನ್ನು ಹಚ್ಚಿ, ತೊಳೆದು, ಮತ್ತೆ ಹಚ್ಚಿ, ಪದರ ಪದರವಾಗಿ ಕಟ್ಟಿದ್ದಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳೂ ಅವರವೇ. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತಿದ್ದರು. ಅವರ ಚಿತ್ರದ ಶಿಸ್ತಿಗೂ ವೀಣೆಯ ಸಾಧನೆಗೂ ಸಂಬಂಧ ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಜನವರಿಯ ತಿಂಗಳು ಅವರಿಗೆ ಮೀಸಲಿಡಿ. ಗ್ಯಾಲರಿಯಲ್ಲಿ ಸಂಜೆ ಒಂದು ವೀಣಾವಾದನ ಇಡಿ. ಮೈಕ್ ಬೇಡ.

ಆದರೆ ಒಂದು ಎಚ್ಚರಿಕೆ. ಕಾಗದದ ಮೇಲಿನ ಜಲವರ್ಣ ಕಲ್ಲಿನಂತಲ್ಲ. ಬೆಳಕು ಬಿದ್ದಷ್ಟೂ ಬಣ್ಣ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಇಂಥ ಕೃತಿಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೇಡ ಅನ್ನುವುದು ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸುವ ನಿಯಮ. ಕೆಲವು ತಿಂಗಳು ತೋರಿಸಿ ಆಮೇಲೆ ಕತ್ತಲಿನಲ್ಲಿ ವಿಶ್ರಾಂತಿಗೆ ಬಿಡಬೇಕು. ವರ್ಷವಿಡೀ ಗೋಡೆಯ ಮೇಲೆ ನೇತುಹಾಕುವ ಬದಲು ಸರಣಿಯಲ್ಲಿ ಸರದಿ ಪ್ರಕಾರ ತೋರಿಸುವುದೇ ಅವಕ್ಕೆ ಕ್ಷೇಮ. ಅಂದರೆ ಚಿತ್ರಗಳ ಮಟ್ಟಿಗೆ ಈ ಸರಣಿ ಬರೀ ಜನರನ್ನು ಸೆಳೆಯುವುದಕ್ಕಲ್ಲ, ಕೃತಿಗಳ ಆಯುಸ್ಸಿಗೂ ಬೇಕು.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ವೆಂಕಟಪ್ಪ ಗ್ಯಾಲರಿಯ ಹಾಲ್‌ಗಳು ಬಾಡಿಗೆಗೆ ಸಿಗುತ್ತವೆ. ಖಾಸಗಿ ಗ್ಯಾಲರಿಗಳು ಬಾಗಿಲು ತೆರೆಯದ ಎಷ್ಟೋ ಹೊಸಬರ ಮೊದಲ ಪ್ರದರ್ಶನ ನಡೆದಿರುವುದು ಅಲ್ಲೇ. ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಮಾತು ಬಂದಾಗ 2016ರಲ್ಲಿ ಕಲಾವಿದರೆಲ್ಲ ಬೀದಿಗೆ ಇಳಿದಿದ್ದು ಇದಕ್ಕೇ. ಅದು ಜನರ ಜಾಗ. ಸರಣಿಯ ಹೆಸರಿನಲ್ಲಿ ಆ ಹಾಲ್‌ಗಳನ್ನು ನಾಲ್ಕು ತಿಂಗಳು ಕಿತ್ತುಕೊಂಡರೆ ನಾನು ಮೊದಲು ವಿರೋಧಿಸುತ್ತೇನೆ. ಚಳಿಗಾಲವೇ ನಮಗೂ ಪ್ರದರ್ಶನದ ಕಾಲ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಊರೂರಿನಿಂದ ಕಲಾವಿದರು ಬರುವುದೂ ಜನವರಿಯಲ್ಲೇ.


ಕಬ್ಬನ್‌ಪೇಟೆಯವ:

ಜಲವರ್ಣ ಮೇಡಂ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಬಾಡಿಗೆ ಹಾಲ್ ಮುಟ್ಟುವುದು ಬೇಡ. ವೆಂಕಟಪ್ಪನವರ ಕೃತಿಗಳಿಗೆ ಇರುವ ಜಾಗದಲ್ಲೇ ಮಾಡೋಣ.

ಗ್ಯಾಲರಿಯಲ್ಲಿ ಕೆ.ಕೆ. ಹೆಬ್ಬಾರರ ಕೃತಿಗಳೂ ಇವೆಯಲ್ಲ, ಅವನ್ನು ಫೆಬ್ರವರಿಗೆ ಇಟ್ಟರೆ ಹೇಗೆ? ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಕಲಾವಿದ. ಅವರ ರೇಖೆಗಳಲ್ಲಿ ಯಕ್ಷಗಾನದ, ಕರಾವಳಿಯ ಲಯ ಕಾಣುತ್ತದೆ. ವೆಂಕಟಪ್ಪ ಒಳಗಡೆ ಕೂತು ಒಂದೊಂದು ಚಿತ್ರಕ್ಕೂ ತಪಸ್ಸು ಮಾಡಿದವರು. ಹೆಬ್ಬಾರರ ಗೆರೆ ಓಡುತ್ತದೆ. ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರೆ ಮಜಾ ಇರುತ್ತದೆ.


ಯಶವಂತಪುರ_ಸಂತೆ:

ಚಿಕ್ಕ ಸಲಹೆ. 1891ರಲ್ಲಿ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. 1965ರಲ್ಲಿ ಎಚ್‌ಎಎಲ್ ಕಡೆ ಇನ್ನೊಂದು ನಿಧಿ ಸಿಕ್ಕಿತು, ಅದರಲ್ಲಿ 256 ನಾಣ್ಯಗಳಿದ್ದವು. ಕೆಂಪೇಗೌಡರಿಗಿಂತ ಸಾವಿರದೈನೂರು ವರ್ಷ ಹಿಂದೆ ಈ ನೆಲದ ಮೇಲೆ ರೋಮ್‌ನ ದುಡ್ಡು ಓಡಾಡಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ನಾಣ್ಯಗಳನ್ನು ನೂರಾರು ಒಟ್ಟಿಗೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಒಂದನ್ನು ಇಡಿ, ಅದರ ಎರಡೂ ಮುಖವನ್ನು ಗೋಡೆ ತುಂಬ ದೊಡ್ಡದು ಮಾಡಿ ತೋರಿಸಿ.


ದುರಸ್ತಿ_ಕೈ:

ನಾನು ಹಳೇ ವಸ್ತುಗಳ ಸಂರಕ್ಷಣೆ ಕೆಲಸದಲ್ಲಿದ್ದೇನೆ. ಉತ್ಸಾಹಕ್ಕೆ ತಣ್ಣೀರು ಹಾಕುವುದಿಲ್ಲ, ಕೆಲವು ಪ್ರಾಯೋಗಿಕ ಮಾತು ಹೇಳುತ್ತೇನೆ.

ತಿಂಗಳಿಗೊಂದು ವಸ್ತು ಅಂದಾಗ ಬಹಳ ಜನರ ಮನಸ್ಸಿನಲ್ಲಿ ಬರುವ ಚಿತ್ರ ಏನು? ಆ ಕಲ್ಲನ್ನು ಎತ್ತಿ ಒಂದು ವಿಶೇಷ ಕೋಣೆಯಲ್ಲಿ ನಿಲ್ಲಿಸುವುದು. ದಯವಿಟ್ಟು ಬೇಡ. ಹಳೇ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎತ್ತುವಾಗ ಬೆಲ್ಟ್ ಒಂದು ಕಡೆ ಎಳೆದರೆ ಅಂಚು ಉದುರಿ ಹೋಗುತ್ತದೆ. ಶಾಸನದಲ್ಲಿ ಅಂಚು ಉದುರಿದರೆ ಸಾಲಿನ ಕೊನೆಯ ಅಕ್ಷರಗಳೇ ಹೋದಂತೆ. ಹೊಸ ಜಾಗದಲ್ಲಿ ಸಿಮೆಂಟ್ ಹಾಕಿ ನಿಲ್ಲಿಸಿದರೆ ಇನ್ನೂ ಕಷ್ಟ. ಸಿಮೆಂಟಿನ ಉಪ್ಪು ತೇವದ ಜೊತೆ ಕಲ್ಲಿನೊಳಗೆ ಏರುತ್ತದೆ. ಒಣಗುವಾಗ ಹರಳು ಕಟ್ಟಿ ಮೇಲಿನ ಪದರವನ್ನು ಪುಡಿ ಮಾಡುತ್ತದೆ. ಬಳಪದ ಕಲ್ಲಿನ ಹೊಯ್ಸಳ ಶಿಲ್ಪಗಳಂತೂ ಮೃದು, ಗೀರು ಬೇಗ ಬೀಳುತ್ತದೆ.

ಅದರ ಬದಲು ಕಲ್ಲು ಇದ್ದಲ್ಲೇ ಇರಲಿ. ಸುತ್ತಲಿನದನ್ನು ಬದಲಿಸಿ. ಪಕ್ಕದ ವಸ್ತುಗಳ ಮೇಲಿನ ದೀಪ ತಗ್ಗಿಸಿ. ಇದಕ್ಕೆ ಶಾಸನ_ಓದುಗ ಹೇಳಿದ ಹಾಗೆ ಪಕ್ಕದಿಂದ ಬೆಳಕು ಕೊಡಿ. ಮುಂದೆ ನಾಲ್ಕು ಬೆಂಚು ಹಾಕಿ. ನಮ್ಮ ಮ್ಯೂಸಿಯಂಗಳಲ್ಲಿ ಕೂರುವುದಕ್ಕೆ ಜಾಗವೇ ಇರುವುದಿಲ್ಲ, ಹಾಗಾಗಿ ಜನ ನಿಲ್ಲದೆ ನಡೆದುಬಿಡುತ್ತಾರೆ. ಬೆಂಚು ಹಾಕಿದ ಕಡೆ ಜನ ನೋಡುತ್ತಾರೆ.

ಶಾಸನದ ಅಕ್ಷರಕ್ಕೆ ಸುಣ್ಣವೋ ಸೀಮೆಸುಣ್ಣವೋ ಮೈದಾಹಿಟ್ಟೋ ತುಂಬಿ ಫೋಟೋ ತೆಗೆಯುವ ಅಭ್ಯಾಸ ಇದೆಯಲ್ಲ, ಅದನ್ನು ಪೂರ್ತಿ ನಿಲ್ಲಿಸಬೇಕು. ಪಕ್ಕದಿಂದ ಟಾರ್ಚ್ ಹಿಡಿದರೆ ಫೋಟೋ ಅದಕ್ಕಿಂತ ಚೆನ್ನಾಗಿ ಬರುತ್ತದೆ.


ಸಾಗರದ_ಸೀಮೆಯಾಕೆ:

ಇಷ್ಟು ಹೊತ್ತು ಓದಿದೆ. ರಾಜರು, ವೀರರು, ಅರಮನೆ ನೆರವಿನ ಕಲಾವಿದರು. ನಾಯಿಯೂ ಬಂತು. ಹೆಂಗಸರು ಎಲ್ಲಿ?

ನಮ್ಮ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಹುರಿದು ಕರಕಾಗಿಸಿದ ಅಕ್ಕಿ. ಕುಂಚ ಪುಂಡಿ ನಾರಿನದು. ಗೆರೆ ನೇರ ಬರಬೇಕಾದರೆ ಕೈ ಎಷ್ಟು ಪಳಗಿರಬೇಕು ಗೊತ್ತಾ? ಅಳತೆ ಕೋಲಿಲ್ಲ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತಾರೆ. ಅದರಲ್ಲಿ ಅಡಿಗೆ ಹೊತ್ತುಕೊಂಡು ಹೋಗಿ ಗದ್ದೆಯಲ್ಲಿ ಭೂಮಿಗೆ ಬಡಿಸುತ್ತಾರೆ. ಭೂಮಿಯನ್ನೇ ಬಸಿರು ಹೆಣ್ಣು ಅಂತ ಬಗೆದು ಅವಳ ಬಯಕೆ ತೀರಿಸುವ ಹಬ್ಬ ಅದು.

ಇದು ಕಲೆ ಅಲ್ವಾ? ಮ್ಯೂಸಿಯಂನಲ್ಲಿ ಇದನ್ನು ಇಟ್ಟರೆ ಜನಪದ ಕಲೆ, ಮಲೆನಾಡು ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಬರೆದವಳ ಹೆಸರು ಇರುವುದಿಲ್ಲ. ವೆಂಕಟಪ್ಪನವರ ಚಿತ್ರದ ಕೆಳಗೆ ಹೆಸರು ಇರುವ ಹಾಗೆ ಬುಟ್ಟಿಯ ಕೆಳಗೂ ಇರಬೇಕು. ಈ ವರ್ಷ ಬರೆಯುವವರದ್ದಾದರೂ ಹಾಕಿ.

ಗ್ಯಾಲರಿಯ ಒಂದು ಗೋಡೆಯನ್ನು ನಮ್ಮವರಿಗೆ ಬಿಟ್ಟುಕೊಡಿ. ಬಂದು ಬರೆಯುತ್ತಾರೆ. ಬಸ್ ಚಾರ್ಜು, ಉಳಿಯುವ ವ್ಯವಸ್ಥೆ ಮಾಡಿ, ಕಲಾವಿದರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಊಟ ಹಾಕಿ ಪ್ರಮಾಣಪತ್ರ ಕೊಟ್ಟು ಕಳಿಸಬೇಡಿ.


ಜಲವರ್ಣ:

ಅಕ್ಕ, ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಇದಕ್ಕೊಂದು ಸೇರಿಸಲಾ? ವೆಂಕಟಪ್ಪನವರ ಮನೆತನದ ಮೈಸೂರು ಚಿತ್ರಕಲೆಯೂ ಹೀಗೇ ಕೈಯಿಂದ ಕೈಗೆ ಬಂದ ವಿದ್ಯೆ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿ ಸ್ಕೆಚ್ ಹಾಕುತ್ತಿದ್ದರು. ಅಳಿಲಿನ ಕೂದಲಿನ ಕುಂಚ. ಚಿನ್ನದ ರೇಕಿನ ಕೆಳಗೆ ಉಬ್ಬು ಬರಲು ಸಫೇದಕ್ಕೆ (ಬಿಳಿ ಪುಡಿಗೆ) ಅಂಟು ಬೆರೆಸಿ ತೆಳ್ಳಗೆ ಬರೆಯುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಆ ಉಬ್ಬು ದಪ್ಪ, ಮೈಸೂರಿನದರಲ್ಲಿ ಸವರಿದರೆ ಮಾತ್ರ ತಿಳಿಯುವಷ್ಟು. ಒಂದು ಕಡೆ ಪುಂಡಿ ನಾರು, ಇನ್ನೊಂದು ಕಡೆ ಅಳಿಲಿನ ಕೂದಲು. ಎರಡೂ ಕೈಗಳನ್ನು ಒಂದೇ ವಾರ ಅಕ್ಕಪಕ್ಕ ಕೆಲಸಕ್ಕೆ ಕೂರಿಸಿದರೆ ಜನವರಿಯ ಪ್ರದರ್ಶನ ನಿಜವಾಗಿ ತುಂಬುತ್ತದೆ. ನನ್ನ ಪಟ್ಟಿ ಬದಲಾಯಿಸಿಕೊಂಡೆ. ಜನವರಿ ವೆಂಕಟಪ್ಪ ಒಬ್ಬರದೇ ಅಲ್ಲ, ವೆಂಕಟಪ್ಪ ಮತ್ತು ಚಿತ್ತಾರ.


ಎಡಿಸನ್_ಕನ್ನಡಿಗ:

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಊರಿಗೆ ಬರುವುದು ಡಿಸೆಂಬರ್ ರಜೆಯಲ್ಲೇ, ಹಾಗಾಗಿ ನಿಮ್ಮ ತಿಂಗಳ ಆಯ್ಕೆ ನಮಗೆ ಅನುಕೂಲ. ಬರಲು ಆಗದ ವರ್ಷ ಏನು ಮಾಡುವುದು? ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂಥ ಸ್ಕ್ಯಾನ್ ಇದ್ದರೆ ಮೊಬೈಲಿನಲ್ಲೇ ಕಲ್ಲನ್ನು ತಿರುಗಿಸಿ, ಬೆಳಕಿನ ದಿಕ್ಕು ಬದಲಿಸಿ ಓದಬಹುದು. ಸರಣಿಯ ಪ್ರತಿ ವಸ್ತುವಿಗೂ ಇದು ಇರಲಿ. ಮದ್ದೂರು ಮೇಷ್ಟ್ರು ಕೇಳಿದ ಪ್ರತಿಕೃತಿಗೂ ಇದೇ ಸ್ಕ್ಯಾನ್ ಆಧಾರ ಆಗುತ್ತದೆ. ಮೂಲ ಕಲ್ಲಿಗೆ ಅಚ್ಚಿನ ರಬ್ಬರ್ ಮೆತ್ತುವ ಕೆಲಸ ಇರುವುದಿಲ್ಲ. ನಮ್ಮ ಕೂಟದ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತೇವೆ. ಕಾಳಿಯ ಕತೆ ಅವರಿಗೆ ಖಂಡಿತ ಹಿಡಿಸುತ್ತದೆ.


ಇಬ್ಬರ_ಅಮ್ಮ:

ನಾನು ಮಕ್ಕಳನ್ನು ಕರೆದುಕೊಂಡು ಹೋಗುವವಳು, ಹಾಗಾಗಿ ಫಲಕದ ಬಗ್ಗೆ ಮಾತ್ರ ಹೇಳುತ್ತೇನೆ. ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ಅಲ್ಲಿ ಬಸ್ಸುಗಟ್ಟಲೆ ಮಕ್ಕಳು. ಗುಂಡಿ ಒತ್ತುತ್ತಾರೆ, ಏನೋ ಆಗುತ್ತದೆ, ಕುಣಿಯುತ್ತಾರೆ. ಈ ಕಡೆ ಬಂದರೆ ಮುಟ್ಟಬಾರದು, ಮಾತಾಡಬಾರದು. ಫಲಕದಲ್ಲಿ ಒಂದು ಶತಮಾನ, ಒಂದು ಊರು, ಒಂದು ವಂಶದ ಹೆಸರು. ಮಗು ಕೇಳುತ್ತದೆ, ಇದು ಯಾಕೆ ಮಾಡಿದ್ರು? ಫಲಕ ಅದಕ್ಕೆ ಉತ್ತರ ಕೊಡುವುದಿಲ್ಲ.

ಕತೆಯಿಂದ ಶುರು ಮಾಡಿ. ಈ ನಾಯಿಯ ಹೆಸರು ಕಾಳಿ. ಇದು ದೊಡ್ಡ ಹಂದಿಯ ಜೊತೆ ಹೋರಾಡಿ ಸತ್ತಿತು. ಅದನ್ನು ಸಾಕಿದವನು ಈ ಕಲ್ಲು ನಿಲ್ಲಿಸಿದ. ಮೊದಲು ಇಷ್ಟು, ದೊಡ್ಡ ಅಕ್ಷರದಲ್ಲಿ, ಮಗುವಿನ ಕಣ್ಣಿನ ಎತ್ತರಕ್ಕೆ. ವಂಶ, ಶಕವರ್ಷ ಎಲ್ಲ ಕೆಳಗೆ ಬರಲಿ. ಕನ್ನಡ ಮೊದಲು. ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದ ಫಲಕ ಓದಿದ ಕೂಡಲೇ ಗೊತ್ತಾಗುತ್ತದೆ, ಮಕ್ಕಳಿಗೆ ಅರ್ಥವೇ ಆಗುವುದಿಲ್ಲ. ಕನ್ನಡದಲ್ಲೇ ಯೋಚಿಸಿ ಬರೆಯುವವರಿಗೆ ಈ ಕೆಲಸ ಕೊಡಿ.

ಮತ್ತೆ ಶಾಸನವನ್ನು ಗಟ್ಟಿಯಾಗಿ ಓದಿದ ಧ್ವನಿ ಬೇಕು. ಹಳಗನ್ನಡ ಕಣ್ಣಿಗೆ ಕಷ್ಟ, ಕಿವಿಗೆ ಅಷ್ಟು ಕಷ್ಟ ಅಲ್ಲ. ನನ್ನ ಚಿಕ್ಕವಳು ಕೂಡ ಪಂದಿ ಅಂದರೆ ಹಂದಿ ಅಂತ ತಾನೇ ಹಿಡಿದಳು.


ಶಾಸನ_ಓದುಗ:

ಅಮ್ಮಾ, ನಿಮ್ಮ ಚಿಕ್ಕವಳಿಗೆ ನನ್ನ ಶಹಬ್ಬಾಸ್ ಹೇಳಿ. ಹತ್ತನೇ ಶತಮಾನದ ಪಕಾರ ಇವತ್ತಿನ ಹಕಾರ ಆಗಿದ್ದನ್ನು ಅವಳೇ ಕಂಡುಕೊಂಡಿದ್ದಾಳೆ. ಮಕ್ಕಳಿಗೆ ಶಾಸನ ಓದಿಸಲು ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ.

ಧ್ವನಿಮುದ್ರಣ ನಾನು ಮಾಡಿಕೊಡಲು ತಯಾರಿದ್ದೇನೆ. ಆತಕೂರು, ಬೇಗೂರು ಎರಡೂ. ಮೊದಲು ಮೂಲ, ಆಮೇಲೆ ಅದೇ ಸಾಲು ಹೊಸಗನ್ನಡದಲ್ಲಿ.


ಕಬ್ಬನ್‌ಪೇಟೆಯವ:

ಮಾತು ಇಲ್ಲಿವರೆಗೆ ಬಂದ ಮೇಲೆ ಸುಮ್ನೆ ಬಿಡಬಾರದು. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ಮನವಿ ಬರೆಯೋಣ. ಮೈಸೂರಿನ ಆಯುಕ್ತರ ಕಚೇರಿಗೆ ಒಂದು ಪ್ರತಿ, ಇಲ್ಲಿನ ಮ್ಯೂಸಿಯಂಗೆ ಒಂದು ಪ್ರತಿ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಇರುತ್ತದೆ. ಇಲಾಖೆಯವರೂ ಆಗ ಏನಾದರೂ ಮಾಡಬೇಕಾಗಿರುತ್ತದೆ. ಆತಕೂರು ಕಲ್ಲಿನಿಂದ ಶುರು ಮಾಡಲು ಅದೇ ಸರಿಯಾದ ವಾರ.

ಮನವಿಯಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಪಕ್ಕದಿಂದ ಬೀಳುವ ದೀಪ, ಬೆಂಚು, ಹೊಸ ಕನ್ನಡ ಫಲಕ, ಓದಿದ ಧ್ವನಿ, ಊರಿನವರ ಮಾತಿನ ದಾಖಲೆ, ಚಿತ್ತಾರದವರಿಗೆ ಗೋಡೆ ಮತ್ತು ಸರಿಯಾದ ಸಂಭಾವನೆ. ಬಾಡಿಗೆ ಹಾಲ್ ಮುಟ್ಟಬಾರದು ಅನ್ನುವುದನ್ನು ಜಲವರ್ಣ ಮೇಡಂ ತಮ್ಮ ಮಾತಿನಲ್ಲೇ ಬರೆದುಕೊಡಲಿ. ಕಲ್ಲು ಎತ್ತಬಾರದು ಅನ್ನುವುದನ್ನು ದುರಸ್ತಿ_ಕೈ ಬರೆಯಲಿ. ಪ್ರತಿಕೃತಿ ವಿಷಯ ಮೇಷ್ಟ್ರದ್ದು. ಅದಕ್ಕೆ ಗ್ರಾಮ ಪಂಚಾಯ್ತಿಯ ಒಂದು ಪತ್ರವೂ ಸೇರಿದರೆ ತೂಕ ಬರುತ್ತದೆ.


ಮದ್ದೂರು_ಮೇಷ್ಟ್ರು:

ಪಂಚಾಯ್ತಿ ಪತ್ರದ ಜವಾಬ್ದಾರಿ ನನ್ನದು. ಅಧ್ಯಕ್ಷರ ಹತ್ತಿರ ಇವತ್ತೇ ಮಾತಾಡಿದೆ. ಜಾಗ ಕೊಡಲು ಊರಿನವರು ಹಿಂದೆಮುಂದೆ ನೋಡುವುದಿಲ್ಲ ಅಂದರು.

ಮನವಿಗೆ ಉತ್ತರ ಬರುವವರೆಗೆ ಕಾಯುವುದಕ್ಕೆ ಮನಸ್ಸಿಲ್ಲ. ಡಿಸೆಂಬರ್‌ನಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಬರಬೇಕು ಅಂತಿದ್ದೇನೆ. ಮದ್ದೂರಿನಿಂದ ರೈಲಿನಲ್ಲಿ ಬಂದರೆ ಖರ್ಚು ಕಡಿಮೆ. ದುಡ್ಡು ಕಷ್ಟ ಇರುವ ಮನೆಗಳ ಮಕ್ಕಳ ಟಿಕೆಟ್ ಹಳೇ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ. ಕಲ್ಲಿನ ಮುಂದೆ ನಿಂತು ಓದಿ ಹೇಳುವವರು ಯಾರಾದರೂ ಬರುತ್ತೀರಾ?


ಶಾಸನ_ಓದುಗ:

ನಾನು ಬರುತ್ತೇನೆ ಮೇಷ್ಟ್ರೇ. ದಿನ ಗೊತ್ತು ಮಾಡಿ ತಿಳಿಸಿ, ರಜೆ ಹಾಕುತ್ತೇನೆ. ಸೋಮವಾರ ಬಿಟ್ಟು ಯಾವುದಾದರೂ ದಿನ ಇಟ್ಟುಕೊಳ್ಳಿ. ಗುಂಪಿನಲ್ಲಿ ಬರುತ್ತಿದ್ದೇವೆ ಅಂತ ಶಾಲೆಯ ಲೆಟರ್‌ಹೆಡ್‌ನಲ್ಲಿ ಮ್ಯೂಸಿಯಂಗೆ ಮೊದಲೇ ಪತ್ರ ಕೊಡಿ. ಅದರಲ್ಲಿ ಪಕ್ಕದಿಂದ ಟಾರ್ಚ್ ಹಿಡಿದು ಓದಲು ಅನುಮತಿ ಕೇಳಿ, ನಾಲ್ಕು ಟಾರ್ಚ್ ನಾನು ತರುತ್ತೇನೆ. ಶಾಸನದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಈ ವಾರವೇ ನಿಮಗೆ ಕಳಿಸುತ್ತೇನೆ. ಮಕ್ಕಳು ಬರುವ ಮೊದಲು ಒಂದೆರಡು ಸಲ ಗಟ್ಟಿಯಾಗಿ ಓದಿಕೊಂಡಿರಲಿ, ಅಲ್ಲಿ ಅವರೇ ಓದಲಿ.


ದುರಸ್ತಿ_ಕೈ:

ನಾನೂ ಬರುತ್ತೇನೆ. ಟಾರ್ಚ್ ಎಲ್‌ಇಡಿ ಇರಲಿ, ಬಿಸಿ ಆಗುವ ಹಳೇ ಬಲ್ಬಿನದು ಬೇಡ. ಮಕ್ಕಳ ಬ್ಯಾಗುಗಳನ್ನು ಹೊರಗೆ ಇಡಿಸಿ.